ಡಬ್ಬಗಳ ಕೆಳಗೆ ಹಾಸಿದ ಚಾರ್ಟ್

ಮಾತು ಕೊಡುವುದರಲ್ಲಿ ನನ್ನದು ದೊಡ್ಡ ಕೈ. ಇದು ಮೇಷ್ಟರಿಕೆಯಿಂದ ಅಂಟಿಕೊಂಡ ಚಟ. ನೈರೋಬಿಯ ಒಂದು ಶಾಲೆಯಲ್ಲಿ ಬಹಳ ವರ್ಷಗಳಿಂದ ಜೀವಶಾಸ್ತ್ರ ಕಲಿಸುತ್ತಿದ್ದೇನೆ. ಯಾರಾದರೂ ಏನಾದರೂ ಕೇಳಿದರೆ ‘ಗೊತ್ತಿಲ್ಲ’ ಎಂಬ ಮಾತು ನನ್ನ ಬಾಯಿಂದ ಬರುವುದೇ ಇಲ್ಲ. ತರಗತಿಯಲ್ಲಿ ಅದರಿಂದ ಅಂಥ ನಷ್ಟವೇನೂ ಆಗಿಲ್ಲ. ಮಕ್ಕಳು ಹೇಗೂ ಮನೆಗೆ ಹೋಗಿ ಫೋನಿನಲ್ಲಿ ನೋಡಿ ಸರಿಮಾಡಿಕೊಳ್ಳುತ್ತಾರೆ. ಅಡುಗೆಮನೆಯಲ್ಲಿ ಕೊಟ್ಟ ಒಂದು ಉತ್ತರವನ್ನು ಮಾತ್ರ ಯಾರೂ ಸರಿಮಾಡಲಿಲ್ಲ.

ಕೇಳಿದ್ದು ನಮ್ಮ ಮನೆಕೆಲಸದ ಹೆಂಗಸು. ನನ್ನ ಮಗಳು ತೊಟ್ಟಿಲಲ್ಲಿದ್ದಾಗಿನಿಂದ ಅವಳು ನಮ್ಮ ಕಿಲೆಲೆಶ್ವಾದ ಫ್ಲ್ಯಾಟಿಗೆ ಬರುತ್ತಿದ್ದಾಳೆ. ಬೆಳಿಗ್ಗೆ ಮಟಾಟು ಎಂಬ ಬಾಡಿಗೆ ವ್ಯಾನು ಹಿಡಿದು ಬಂದು, ಸಂಜೆ ಮಟಾಟು ಹಿಡಿದು ಹೋಗುತ್ತಾಳೆ. ಇಲ್ಲಿನ ನಮ್ಮಂಥವರ ಮನೆಗಳಲ್ಲಿ ಕೆಲಸದವರು ಯಜಮಾನಿಯನ್ನು ‘ಮಮ್ಮಿ’ ಎನ್ನುತ್ತಾರೆ; ನನಗಿಂತ ದೊಡ್ಡವಳಾದ ಅವಳೂ ಹಾಗೇ ಕರೆಯುತ್ತಿದ್ದಳು. ಅಂದು ಅವಳು ಅಕ್ಕಿ ತೊಳೆಯುತ್ತಿದ್ದಳು, ನಾನು ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ. ಅವಳ ಒಬ್ಬಳೇ ಮಗಳು ಶಾಲೆ ಮುಗಿಸಿದ್ದಳು. ವಿಶ್ವವಿದ್ಯಾಲಯಕ್ಕೆ ಹೋಗುವಷ್ಟು ಅಂಕ ಬಂದಿರಲಿಲ್ಲ.

“ಮಮ್ಮಿ, ನರ್ಸಿಂಗ್ ಸರ್ಟಿಫಿಕೇಟ್ ಕೋರ್ಸಿಗೆ ಸೀಟು ಸಿಗುತ್ತಂತೆ,” ಅಂದಳು. ಅವಳದು ಸ್ವಾಹಿಲಿ, ನನ್ನದು ಅಡುಗೆಮನೆಯ ಸ್ವಾಹಿಲಿ. “ಅದನ್ನ ಓದಿದ್ರೆ ಅವಳು ಚೆನ್ನಾಗಿರ್ತಾಳಾ?”

“ಇರ್ತಾಳೆ. ಆರಾಮಾಗಿ ಇರ್ತಾಳೆ. ಪ್ರಪಂಚದಲ್ಲಿ ಕಾಯಿಲೆ ಖಾಲಿ ಆಗೋದುಂಟಾ?” ಅಂದೆ. ಸಾಸಿವೆ ಚಟಪಟಗುಟ್ಟಿ ಮುಗಿಯುವಷ್ಟರಲ್ಲಿ ಒಂದು ಹುಡುಗಿಯ ಬದುಕು ನಿಶ್ಚಯವಾಗಿತ್ತು.

ಸರ್ಟಿಫಿಕೇಟ್ ನರ್ಸ್ ಎಂದರೆ ನಮ್ಮೂರಿನ ಎಎನ್‌ಎಂ ಇದ್ದ ಹಾಗೆ. ಡಿಪ್ಲೊಮಾದವರಿಗಿಂತ ಒಂದು ಮೆಟ್ಟಿಲು ಕೆಳಗೆ, ಡಿಗ್ರಿಯವರಿಗಿಂತ ಎರಡು ಮೆಟ್ಟಿಲು ಕೆಳಗೆ. ಪರವಾನಗಿ ಇರುತ್ತದೆ, ಇಂಜೆಕ್ಷನ್ ಕೊಡುತ್ತಾರೆ, ಹೆರಿಗೆಗೂ ನಿಲ್ಲುತ್ತಾರೆ. ಅವರಿಗೆ ಎಷ್ಟು ಸಂಬಳ ಬರುತ್ತದೆ, ಕಾಯಂ ಕೆಲಸ ಎಷ್ಟು ಜನಕ್ಕೆ ಸಿಗುತ್ತದೆ ಎಂಬುದು ನನಗೆ ಅಂದು ಗೊತ್ತಿರಲಿಲ್ಲ. ವಿಚಾರಿಸಬಹುದಿತ್ತು. ನಮ್ಮ ಕನ್ನಡದವರ ಪೈಕಿಯೇ ನಾಲ್ಕಾರು ಡಾಕ್ಟರುಗಳಿದ್ದಾರೆ, ಒಂದು ಫೋನ್ ಮಾಡಿದ್ದರೆ ಸಾಕಾಗಿತ್ತು. ಮಾಡಲಿಲ್ಲ.

ತಾಯಿ ಊರಿನಲ್ಲಿದ್ದ ತುಂಡು ಜಾಗ ಮಾರಿ ಮಗಳನ್ನು ಓದಿಸಿದಳು. ನಾನು ವೆಸ್ಟ್‌ಲ್ಯಾಂಡ್ಸ್‌ನ ಅಂಗಡಿಯೊಂದರಲ್ಲಿ ಹುಡುಗಿಗೆ ಬಿಳಿ ಶೂ ಕೊಡಿಸಿದೆ. ಮೆತ್ತನೆ ಅಟ್ಟೆಯ, ಒಳ್ಳೆಯ ಶೂ. ಅದನ್ನು ಕೊಡಿಸಿದ್ದನ್ನು ಎಷ್ಟು ಜನರ ಮುಂದೆ ಹೇಳಿಕೊಂಡೆನೋ ಲೆಕ್ಕವಿಲ್ಲ. ಯುಗಾದಿ ಊಟಕ್ಕೆ ಸೇರಿದಾಗ ಹೇಳಿದೆ, ಗಣೇಶನ ಹಬ್ಬಕ್ಕೂ ಹೇಳಿದೆ. “ನಮ್ಮ ಕೆಲಸದವಳ ಮಗಳು ನರ್ಸಾಗ್ತಿದ್ದಾಳೆ ಕಣ್ರೀ” ಎನ್ನುವಾಗ ನಾನೇ ಹೆತ್ತು ಓದಿಸಿದಂತೆ ಬೀಗುತ್ತಿದ್ದೆ.

ಹುಡುಗಿ ಪಾಸಾದಳು, ಪರವಾನಗಿಯೂ ಬಂತು. ಸರ್ಕಾರಿ ಆಸ್ಪತ್ರೆಯ ಕೆಲಸಕ್ಕೆ ಅರ್ಜಿ ಹಾಕಿ ಹಾಕಿ ಸಾಕಾಗಿ, ಪಂಗಾನಿ ಬಡಾವಣೆಯ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ ಸೇರಿಕೊಂಡಳು. ಮೂರು ತಿಂಗಳಿಗೊಮ್ಮೆ ಹೊಸ ಕರಾರು. ರಜೆ ಹಾಕಿದ ದಿನ ಸಂಬಳವಿಲ್ಲ. ಇನ್ನಿಬ್ಬರು ನರ್ಸುಗಳ ಜೊತೆ ಒಂದೇ ಕೋಣೆಯಲ್ಲಿದ್ದಳು. ಮಂಚ ಎರಡೇ, ಒಬ್ಬಳಲ್ಲ ಒಬ್ಬಳು ಡ್ಯೂಟಿಯಲ್ಲಿರುತ್ತಿದ್ದುದರಿಂದ ನಡೆಯುತ್ತಿತ್ತಂತೆ. ಇದನ್ನೆಲ್ಲ ತಾಯಿ ನನಗೆ ದೂರಿನಂತೆ ಹೇಳಲಿಲ್ಲ. ಮಳೆ ಬಂತು, ಮಟಾಟು ತಡವಾಯಿತು ಎನ್ನುವ ಹಾಗೆ ಹೇಳಿದಳು. “ಸ್ವಲ್ಪ ದಿನ ಕಷ್ಟ, ಆಮೇಲೆ ಎಲ್ಲ ಸರಿಹೋಗುತ್ತೆ” ಎಂದು ಮತ್ತೊಂದು ಮಾತು ಕೊಟ್ಟೆ.

ಅಷ್ಟರಲ್ಲಿ ನಮ್ಮತ್ತೆಗೆ ಲಕ್ವ ಹೊಡೆಯಿತು. ಮಾವ ತೀರಿಕೊಂಡ ಮೇಲೆ ಅವರನ್ನು ಮೈಸೂರಿನಿಂದ ಇಲ್ಲಿಗೆ ಕರೆತಂದಿದ್ದೆವು. ಒಂದು ಬೆಳಿಗ್ಗೆ ದೇವರ ದೀಪ ಹಚ್ಚಲು ಹೋದವರು ಹಾಗೆಯೇ ಕುಸಿದರು. ಎಡಗಡೆ ಪೂರ್ತಿ ಹೋಯಿತು, ಮಾತು ಮುಕ್ಕಾಲು ಪಾಲು ಹೋಯಿತು. ಆಸ್ಪತ್ರೆಯವರು ಮನೆಗೆ ಕಳಿಸುವಾಗ ಮೂಗಿನಲ್ಲಿ ನಳಿಕೆ, ಮೂತ್ರಕ್ಕೆ ನಳಿಕೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಬೆನ್ನು ಹುಣ್ಣಾಗುತ್ತದೆ, ನುರಿತ ನರ್ಸ್ ಬೇಕೇ ಬೇಕು ಎಂದರು.

ನರ್ಸ್ ಎಂದ ತಕ್ಷಣ ನಮಗಿಬ್ಬರಿಗೂ ನೆನಪಾದದ್ದು ಒಬ್ಬಳೇ. ಮನೆಗೆ ನರ್ಸುಗಳನ್ನು ಕಳಿಸುವ ಏಜೆನ್ಸಿಯವರು ಹೇಳಿದ ಸಂಬಳ ಕೇಳಿ ನನ್ನ ಗಂಡ ಹುಬ್ಬೇರಿಸಿದ್ದರು. ಅವರು ಔಷಧಿ ಕಾರ್ಖಾನೆಯಲ್ಲಿ ಗುಣಮಟ್ಟ ವಿಭಾಗದ ಮ್ಯಾನೇಜರು. ನಮಗೆ ಕೊಡಲಾಗದ ಮೊತ್ತವೇನೂ ಅದಾಗಿರಲಿಲ್ಲ. ಆ ವರ್ಷವೇ ಕಾರು ಬದಲಿಸಿದ್ದೆವು. ಆದರೂ ನಾನು ನಮ್ಮ ಹೆಂಗಸರ ವಾಟ್ಸಾಪ್ ಗುಂಪಿನಲ್ಲಿ ಕೇಳಿದೆ: ಮನೆಗೆ ಬರುವ ನರ್ಸಿಗೆ ಎಷ್ಟು ಕೊಡುತ್ತೀರಿ? ಹಬ್ಬದ ಅಡುಗೆಯಿಂದ ಹಿಡಿದು ಕೆಲಸದವರ ಸಂಬಳದವರೆಗೆ ಎಲ್ಲವೂ ಆ ಗುಂಪಿನಲ್ಲೇ ತೀರ್ಮಾನವಾಗುವುದು. ಹತ್ತು ನಿಮಿಷದಲ್ಲಿ ಉತ್ತರಗಳು ಬಂದವು. ಮನೆಕೆಲಸದವರಿಗೆ ಕೊಡುವುದಕ್ಕಿಂತ ಒಂಚೂರು ಮೇಲೆ ಇಟ್ಟರೆ ಸಾಕು. ಮಧ್ಯಾಹ್ನದ ಊಟ ಕೊಡುತ್ತೀರಲ್ಲ, ಅದನ್ನೂ ಸೇರಿಸಿ ಹೇಳಿ. ಕೊನೆಗೆ ಒಬ್ಬರು ಕೈ ಮುಗಿದ ಚಿತ್ರ ಹಾಕಿ ಬರೆದರು: “ಪ್ಲೀಸ್, ಯಾರೂ ಜಾಸ್ತಿ ಕೊಟ್ಟು ರೇಟ್ ಹಾಳು ಮಾಡಬೇಡಿ.” ನಾನು ಅದಕ್ಕೆ ಹೆಬ್ಬೆರಳು ಒತ್ತಿದೆ.

ನರ್ಸಿಂಗ್ ಹೋಮಿನ ಆ ಸಲದ ಕರಾರು ಮುಗಿದಿದ್ದ ಹುಡುಗಿಗೆ ಆ ರೇಟನ್ನೇ ಹೇಳಿದೆ. ಅವಳು ತಾಯಿಯ ಮುಖ ನೋಡಿದಳು, ತಾಯಿ ನನ್ನ ಮುಖ ನೋಡಿದಳು. “ಸವಾ, ಮಮ್ಮಿ,” ಆಗಲಿ ಅಂದದ್ದು ತಾಯಿ.

ನನ್ನ ಗಂಡನಿಗೆ ಎಲ್ಲಕ್ಕೂ ಕಾಗದ ಬೇಕು. ತಾಯಿಯ ಹಳೆಯ ಕರಾರು ಪತ್ರ ಲ್ಯಾಪ್‌ಟಾಪಿನಲ್ಲಿತ್ತು. ಅದರಲ್ಲೇ ಹೆಸರು, ತಾರೀಖು ಬದಲಿಸಿ ಮಗಳಿಗೊಂದು ಪ್ರತಿ ತೆಗೆದರು. ಹುದ್ದೆ ಎಂಬ ಕಡೆ ‘ಮನೆಕೆಲಸ’ ಎಂದೇ ಇತ್ತು.

“ರೀ, ಇದನ್ನ ಬದಲಾಯಿಸ್ಬೇಕಲ್ವಾ?”

“ನರ್ಸ್ ಅಂತ ಬರೆದ್ರೆ ಸಂಬಳಾನೂ ನರ್ಸಿಂದೇ ಕೊಡ್ಬೇಕಾಗುತ್ತೆ. ನಾಳೆ ಯಾರಾದ್ರೂ ಕೇಳಿದ್ರೆ ತಾಪತ್ರಯ. ಬಿಡೇ, ಮನೆಯವಳೇ ತಾನೆ.”

ಬಿಟ್ಟೆ. ಮರೆವಿನಿಂದಾಯಿತು, ಟೈಪಿಂಗ್ ತಪ್ಪು ಎಂದೆಲ್ಲ ಆಮೇಲೆ ಹೇಳಿಕೊಂಡದ್ದುಂಟು. ಅದು ಸುಳ್ಳು. ನಾನು ಆ ಪದವನ್ನು ಓದಿದ್ದೆ, ಕೇಳಿದ್ದೆ, ಬಿಟ್ಟಿದ್ದೆ. ಹುಡುಗಿಯೂ ಓದಿದಳು. ಪೆನ್ನು ಹಿಡಿದ ಕೈ ಆ ಸಾಲಿನ ಮೇಲೆ ಸ್ವಲ್ಪ ಹೊತ್ತು ನಿಂತಿತು. ಹಿಂದೆ ನಿಂತಿದ್ದ ತಾಯಿ, “ಹಾಕು, ಇವರು ನಮ್ಮವರು,” ಅಂದಳು. ಹಾಕಿದಳು.

ಅವಳು ನಮ್ಮ ಮನೆಗೆ ಮೊದಲ ದಿನ ಬಂದದ್ದು ಸಮವಸ್ತ್ರದಲ್ಲಿ. ಎದೆಯ ಮೇಲೆ ತಲೆಕೆಳಗಾಗಿ ತೂಗುವ ಪುಟ್ಟ ಗಡಿಯಾರ, ಕಾಲಿನಲ್ಲಿ ನಾನು ಕೊಡಿಸಿದ ಬಿಳಿ ಶೂ. ನಮ್ಮ ಮನೆಯೊಳಗೆ ಯಾರೂ ಚಪ್ಪಲಿ ಮೆಟ್ಟುವುದಿಲ್ಲ, ಆದ್ದರಿಂದ ಶೂ ಬಾಗಿಲಲ್ಲೇ ಉಳಿಯಿತು. ಸಮವಸ್ತ್ರವೂ ಬೇಡ, ಅತ್ತೆ ಆಸ್ಪತ್ರೆ ಅಂದುಕೊಂಡು ಹೆದರುತ್ತಾರೆ ಎಂದೆ. ಮರುದಿನದಿಂದ ಸಾದಾ ಬಟ್ಟೆಯಲ್ಲಿ ಬರಿಗಾಲಿನಲ್ಲಿ ಓಡಾಡತೊಡಗಿದಳು. ಗಡಿಯಾರವೊಂದನ್ನು ಮಾತ್ರ ತೆಗೆಯಲಿಲ್ಲ. ನಾಡಿ ಎಣಿಸಲು ಬೇಕು ಎಂದಳು.

ಕೆಲಸದಲ್ಲಿ ಅವಳನ್ನು ಮೀರಿಸುವಂತಿರಲಿಲ್ಲ. ಒಂದು ತಿಂಗಳಲ್ಲಿ ಮೂಗಿನ ನಳಿಕೆ ತೆಗೆಸುವ ಹಾಗೆ ಮಾಡಿದಳು; ಗಂಜಿಯನ್ನು ಅರ್ಧ ಚಮಚ, ಕಾಲು ಚಮಚ ಹಾಕಿ ನುಂಗುವುದನ್ನು ಕಲಿಸಿದಳು. ನಮ್ಮತ್ತೆಗೆ ಇಂಗ್ಲಿಷು ಬಾರದು, ಬರುವ ಕನ್ನಡವೂ ಈಗ ಒಂದೆರಡು ಪದ. ಹುಡುಗಿ ಆ ಪದಗಳನ್ನು ಕಲಿತಳು. ನೀರು. ನೋವು. ಸಾಕು. ಮಗ್ಗುಲು ಬದಲಿಸುವಾಗ, “ಎಡಗಡೆ, ಅಜ್ಜಿ, ಎಡಗಡೆ” ಎನ್ನುತ್ತಿದ್ದಳು. ಒಂದು ಕಾಲದಲ್ಲಿ ಅವಳ ತಾಯಿ ದೇವರ ಕೋಣೆಯ ಹೊಸ್ತಿಲು ದಾಟಿದರೆ ಗದರುತ್ತಿದ್ದ ಮುದುಕಿ, ಅವಳು ಬರುವುದು ಐದು ನಿಮಿಷ ತಡವಾದರೆ ಬಲಗೈಯಿಂದ ಮಂಚ ಬಡಿಯುತ್ತಿದ್ದರು. ಬೆನ್ನಿನ ಮೇಲೆ ಒಂದು ಕೆಂಪು ಗುರುತೂ ಏಳಲಿಲ್ಲ.

ಎಲ್ಲವನ್ನೂ ಅವಳು ಉದ್ದನೆಯ ನೋಟ್‌ಪುಸ್ತಕದಲ್ಲಿ ಗೆರೆ ಎಳೆದು ಚಾರ್ಟ್ ಮಾಡಿ ಬರೆದಿಡುತ್ತಿದ್ದಳು. ಎಷ್ಟು ಹೊತ್ತಿಗೆ ಯಾವ ಮಗ್ಗುಲು, ಬಿಪಿ ಎಷ್ಟು, ನಾಡಿ ಎಷ್ಟು, ಎಷ್ಟು ನೀರು ಹೋಯಿತು, ಎಷ್ಟು ಬಂತು. ಸರಿಯಿದ್ದದ್ದು ನೀಲಿ ಶಾಯಿಯಲ್ಲಿ, ಹೆಚ್ಚುಕಮ್ಮಿಯಾದದ್ದು ಕೆಂಪಿನಲ್ಲಿ, ಕೊನೆಗೆ ಸಹಿ. ಬರೆಯುವವಳೂ ಅವಳೇ, ಓದುವವಳೂ ಅವಳೇ. “ಇದನ್ನೆಲ್ಲ ಯಾರಿಗೆ ತೋರಿಸ್ಬೇಕು?” ಎಂದು ಕೇಳಿದರೆ, “ಬರೆಯದೇ ಇದ್ದರೆ ಮಾಡಿಲ್ಲ ಅಂತಲೇ ಲೆಕ್ಕ. ನಮಗೆ ಹಾಗೇ ಕಲಿಸಿದ್ದಾರೆ,” ಎಂದಳು. ಪುಸ್ತಕ ತುಂಬಿದಾಗ ತಂದು ನನ್ನ ಕೈಗೆ ಕೊಡುತ್ತಿದ್ದಳು.

ಅತ್ತೆ ನಿದ್ದೆ ಮಾಡುವ ಹೊತ್ತಿನಲ್ಲಿ ಅವಳು ಸುಮ್ಮನೆ ಕೂತಿರುವುದು ನನ್ನ ಕಣ್ಣಿಗೆ ಚುಚ್ಚುತ್ತಿತ್ತು. ಮೊದಲು ಒಣಗಿದ ಬಟ್ಟೆ ಮಡಿಸು ಎಂದೆ. ಆಮೇಲೆ ಬಟಾಣಿ ಬಿಡಿಸು ಎಂದೆ. ಆಮೇಲೆ ತಾಯಿಗೆ ಹುಷಾರಿಲ್ಲದ ದಿನ ಪಾತ್ರೆಗಳನ್ನೂ ತೊಳೆದಳು. ನನ್ನ ಮಗಳು ಕನ್ನಡದಲ್ಲಿ ಕೇಳಿಸಿಕೊಂಡು ಇಂಗ್ಲಿಷಿನಲ್ಲಿ ಉತ್ತರ ಕೊಡುವ ಪೈಕಿ. ಒಂದು ದಿನ ಶಾಲೆಯಿಂದ ಬಂದವಳೇ, “ಅಮ್ಮಾ, ಶಿ ಈಸ್ ಎ ನರ್ಸ್, ನೋ?” ಅಂದಳು. “ಹೋಗಿ ಕೈಕಾಲು ತೊಳ್ಕೋ,” ಅಂದೆ.

ಹೀಗೆ ಎರಡು ವರ್ಷ ಕಳೆಯಿತು. ಆಗ ವೆಸ್ಟ್‌ಲ್ಯಾಂಡ್ಸ್‌ನ ಒಂದು ಆಸ್ಪತ್ರೆಯಲ್ಲಿ ಜಾಗ ಖಾಲಿಯಿರುವ ಸುದ್ದಿ ಅವಳಿಗೆ ಸಿಕ್ಕಿತು. ಪಾರ್ಶ್ವವಾಯುವಿನ ರೋಗಿಗಳ ವಾರ್ಡು. ಸರ್ಟಿಫಿಕೇಟಿನವರನ್ನೂ ತೆಗೆದುಕೊಳ್ಳುತ್ತಾರೆ, ಅಂಥ ರೋಗಿಗಳನ್ನು ನೋಡಿಕೊಂಡ ಎರಡು ವರ್ಷದ ಅನುಭವ ಬೇಕು. ಕಾಯಂ ಹುದ್ದೆ. ಸಂಬಳ ಸಹಿತ ರಜೆ, ತಾಯಿಗೂ ಸೇರಿಸಿ ವೈದ್ಯಕೀಯ ವಿಮೆ, ಕೆಲಸ ಮಾಡುತ್ತಲೇ ಡಿಪ್ಲೊಮಾ ಮುಗಿಸಿಕೊಳ್ಳುವ ಅವಕಾಶ. ನಾನು ಅಂದು ಒಗ್ಗರಣೆ ಸೌಟು ಹಿಡಿದು ಆರಾಮ ಎಂದಿದ್ದೆನಲ್ಲ, ಆ ಆರಾಮ ಎಂದರೆ ಇದೇ. ಇದಕ್ಕಿಂತ ದೊಡ್ಡದೇನನ್ನೂ ಅವರಿಬ್ಬರೂ ಬಯಸಿರಲಿಲ್ಲ.

“ಮಮ್ಮಿ, ಒಂದು ಲೆಟರ್ ಬೇಕು,” ಅಂದಳು. ನನಗೆ ಮೊದಲು ಹೊಳೆದದ್ದು ಅತ್ತೆಯನ್ನು ಯಾರು ನೋಡಿಕೊಳ್ಳುವುದು ಎಂಬುದೇ. ಅದನ್ನು ನುಂಗಿಕೊಂಡು ಒಳ್ಳೆಯ ಪತ್ರ ಬರೆದೆ. ಅದರಲ್ಲಿ ನರ್ಸ್ ಎಂಬ ಪದವನ್ನು ಆರೇಳು ಸಲ ಬಳಸಿದ್ದೆ. ಹುಡುಗಿ ಸಂದರ್ಶನಕ್ಕೆ ಬಿಳಿ ಶೂಗೆ ಬಿಳಿ ಪಾಲಿಶ್ ಹಚ್ಚಿಕೊಂಡು ಹೋದಳು. ಪತ್ರದ ಜೊತೆಗೆ ಕರಾರಿನ ಪ್ರತಿಯನ್ನೂ ಕೊಡಬೇಕಿತ್ತು, ಕೊಟ್ಟಳು.

ಎರಡು ದಿನ ಬಿಟ್ಟು ಆಸ್ಪತ್ರೆಯಿಂದ ಫೋನ್ ಬಂತು. ಶಾಲೆಯ ಸ್ಟಾಫ್ ರೂಮಿನಲ್ಲಿದ್ದೆ. ಆಚೆಯ ಹೆಂಗಸಿನ ದನಿ ತುಂಬ ಮರ್ಯಾದೆಯದು.

“ಇವರು ನಿಮ್ಮಲ್ಲಿ ನರ್ಸಾಗಿ ಕೆಲಸ ಮಾಡಿದ್ದಾರಾ, ಮ್ಯಾಡಮ್?”

“ಹೌದು. ತುಂಬ ಒಳ್ಳೆಯ ನರ್ಸ್.”

“ಕರಾರಿನಲ್ಲಿ ಮನೆಕೆಲಸ ಅಂತಿದೆಯಲ್ಲ?”

“ಅದು ಟೈಪಿಂಗ್ ತಪ್ಪು.”

“ಸರಿ. ಸಂಬಳ ಎಷ್ಟು ಕೊಡ್ತಿದ್ರಿ?”

ಕರಾರಿನಲ್ಲಿ ಅದೂ ಇತ್ತು. ಅವಳ ಮುಂದೆಯೇ ಕಾಗದ ಇದೆ, ಬೇರೆ ಅಂಕಿ ಹೇಳುವ ಹಾಗಿಲ್ಲ. ಹೇಳಿದೆ. ಅವಳು ಮೆಲ್ಲಗೆ, “ಇದು ನರ್ಸಿನ ಸಂಬಳ ಅಲ್ಲವಲ್ಲ, ಮ್ಯಾಡಮ್,” ಅಂದಳು. ಮನೆಯವರು ಕೆಲಸದವರ ಮೇಲಿನ ಕನಿಕರಕ್ಕೆ ಇಂಥ ಪತ್ರ ಬರೆದುಕೊಡುವುದನ್ನು ತಾವು ಬಹಳ ನೋಡಿದ್ದೇವೆ ಎಂದೂ ಸೇರಿಸಿದಳು. ನಾಚಿಕೆಯಿಂದ ಸಾಯುವಂತಾಯಿತು ಎನ್ನುತ್ತಾರಲ್ಲ, ಹಾಗೆ. ಆದರೆ ಸಾಯಲಿಲ್ಲ. ಗಂಟೆ ಹೊಡೆಯಿತು, ಒಂಬತ್ತನೆಯ ತರಗತಿಗೆ ಹೋಗಿ ಹೃದಯದ ಚಿತ್ರ ಬರೆಸಿದೆ.

ಸಂಜೆ ಮನೆಗೆ ಬಂದಾಗ ಹುಡುಗಿ ಕಾಯುತ್ತಿದ್ದಳು. ಅವಳಿಗೂ ಫೋನ್ ಬಂದಿತ್ತು. ಮುಖದಲ್ಲಿ ಇನ್ನೂ ಆಸೆಯಿತ್ತು.

“ಚಾರ್ಟ್ ಏನಾದ್ರೂ ಇದ್ರೆ ತಂದು ತೋರಿಸು ಅಂದ್ರು, ಮಮ್ಮಿ. ಶುಕ್ರವಾರದವರೆಗೆ ಟೈಮ್ ಕೊಟ್ಟಿದ್ದಾರೆ. ಎರಡು ವರ್ಷದ್ದೂ ಇದೆಯಲ್ಲ, ಅದನ್ನ ನೋಡಿದ್ರೆ ಯಾರಿಗಾದ್ರೂ ಗೊತ್ತಾಗುತ್ತೆ. ನಾನು ತುಂಬಿದ ಪುಸ್ತಕ ಎಲ್ಲ ನಿಮ್ಮ ಹತ್ರ ಕೊಟ್ಟಿದ್ದೀನಲ್ಲ?”

ಕೊಟ್ಟಿದ್ದಳು. ಈಗ ಬರೆಯುತ್ತಿದ್ದ, ಇನ್ನೂ ನಾಲ್ಕು ವಾರವೂ ತುಂಬದ ಒಂದನ್ನು ಬಿಟ್ಟು ಉಳಿದ ಒಂಬತ್ತನ್ನೂ ನನ್ನ ಕೈಗೇ ಕೊಟ್ಟಿದ್ದಳು.

ಬಳಸಿದ ಕಾಗದವನ್ನು ಎಸೆಯುವುದು ನನ್ನ ಜಾಯಮಾನದಲ್ಲಿಲ್ಲ. ನಮ್ಮಮ್ಮ ಹಳೆಯ ನೋಟ್‌ಪುಸ್ತಕದ ಹಾಳೆಗಳನ್ನು ಅಡುಗೆಮನೆಯ ಕಪಾಟಿಗೆ ಹಾಸುತ್ತಿದ್ದಳು, ನಾನೂ ಹಾಸುತ್ತೇನೆ. ಇಲ್ಲಿ ಮನೆಗೆ ಪೇಪರು ಬರುವುದಿಲ್ಲ, ಸುದ್ದಿಯನ್ನೆಲ್ಲ ಫೋನಿನಲ್ಲೇ ಓದುತ್ತೇವೆ. ಆ ಉದ್ದನೆಯ ಹಾಳೆಗಳು ನಮ್ಮ ಕಪಾಟಿನ ಅಗಲಕ್ಕೆ ಅಳೆದು ಮಾಡಿಸಿದಂತಿದ್ದವು. ಮೊದಲನೆಯ ಪುಸ್ತಕವನ್ನು ಹರಿಯುವಾಗ ಒಂದು ಕ್ಷಣವೂ ಯೋಚಿಸಲಿಲ್ಲ. ಮುದುಕಿಯ ಉಚ್ಚೆ ಎಷ್ಟು ಬಂತೆಂಬ ಲೆಕ್ಕ ಯಾರಿಗೆ ಬೇಕು ಅಂದುಕೊಂಡಿದ್ದೆ. ಎಣ್ಣೆ ಜಿಡ್ಡಾದಾಗಲೆಲ್ಲ ಹಳೆಯದನ್ನು ತೆಗೆದು ಕಸಕ್ಕೆ ಹಾಕಿ ಹೊಸದು ಹಾಸುತ್ತಿದ್ದೆ. ಹಾಸುತ್ತಿದ್ದವಳೂ ನಾನೇ, ಕಪಾಟು ನನ್ನ ಜಿಮ್ಮೆ. ಅದಕ್ಕೇ ತಾಯಿಯ ಕಣ್ಣಿಗಾಗಲಿ ಮಗಳ ಕಣ್ಣಿಗಾಗಲಿ ಬಿದ್ದಿರಲಿಲ್ಲ.

ಹೇಳದೆ ವಿಧಿಯಿರಲಿಲ್ಲ. ಹೇಳಿದೆ. ಹುಡುಗಿಗೆ ಅರ್ಥವಾಗಲಿಲ್ಲ, ಇನ್ನೊಮ್ಮೆ ಹೇಳಿದೆ. ಅಷ್ಟರಲ್ಲಿ ತಾಯಿ ಸ್ಟೂಲು ಎಳೆದುಕೊಂಡು ಹತ್ತಿ ತೊಗರಿಬೇಳೆ ಡಬ್ಬ ಎತ್ತಿದಳು. ಆಮೇಲೆ ಕಡಲೆಬೇಳೆ, ಹುಣಸೆಹಣ್ಣು, ಮೆಣಸಿನಪುಡಿ. ಒಂದೊಂದೇ ಹಾಳೆ ಎಳೆದು, ಸೆರಗಿನಂತೆ ಸೊಂಟಕ್ಕೆ ಕಟ್ಟಿಕೊಂಡಿದ್ದ ಲೆಸೋ ಬಟ್ಟೆಯಲ್ಲಿ ಒರೆಸಿ ಕೆಳಗೆ ಮಗಳ ಕೈಗೆ ಕೊಟ್ಟಳು. ಅರಿಸಿನದ ಕಲೆ, ಎಣ್ಣೆ ಡಬ್ಬದ ದುಂಡು ಗುರುತು. ನೀಲಿ ಶಾಯಿ ಕೆಲವು ಕಡೆ ಹರಡಿಹೋಗಿತ್ತು. ಎಲ್ಲ ಸೇರಿ ಇಪ್ಪತ್ತೋ ಇಪ್ಪತ್ತೈದೋ ಹಾಳೆ ಸಿಕ್ಕವು.

ಅವುಗಳಲ್ಲಿ ಒಂದನ್ನು ನಾನು ಕೈಗೆ ತೆಗೆದುಕೊಂಡೆ. ಮೊದಲ ಸಲ ಓದಿದೆ. ಎಂಟು ಗಂಟೆ, ಎಡ ಮಗ್ಗುಲು. ಹತ್ತು ಗಂಟೆ, ಬಲ ಮಗ್ಗುಲು. ಹನ್ನೆರಡು, ಎಡ. ಪ್ರತಿ ಸಾಲಿನ ಕೊನೆಯಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ: ನೋವು ಇಲ್ಲ. ನೋವು ಇಲ್ಲ. ಒಂದು ಕಡೆ ಕೆಂಪು ಶಾಯಿಯಲ್ಲಿ ‘ನೋವು ಸ್ವಲ್ಪ’ ಎಂದಿತ್ತು, ಪಕ್ಕದಲ್ಲಿ ಏನು ಮಾಡಿದೆ ಎಂಬುದಿತ್ತು. ಎರಡು ವರ್ಷ ಇವಳು ದಿನಕ್ಕೆ ಐದಾರು ಸಲ ನಮ್ಮತ್ತೆಯನ್ನು ನೋವಿದೆಯಾ ಎಂದು ಕೇಳಿದ್ದಳು. ನಾನು ಸೊಸೆ, ವಾರಕ್ಕೊಮ್ಮೆಯೂ ಕೇಳಿದವಳಲ್ಲ.

“ಇದಿಷ್ಟನ್ನೇ ತಗೊಂಡು ಹೋಗು. ನಾನೂ ಬರ್ತೀನಿ, ಅವರ ಹತ್ರ ಮಾತಾಡ್ತೀನಿ,” ಅಂದೆ.

ಅವಳು ಹಾಳೆಗಳನ್ನು ಮೂಸಿ ನೋಡಿದಳು. “ಇದು ಅಡುಗೆಮನೆ ವಾಸನೆ ಹೊಡೀತಿದೆ, ಮಮ್ಮಿ. ಅವರು ಏನಂದ್ಕೊಂಡಿದ್ದಾರೋ ಅದೇ ನಿಜ ಅಂತಾಗುತ್ತೆ.” ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ಎದೆಯ ಗಡಿಯಾರ ನೋಡಿಕೊಂಡು, ಆರು ಗಂಟೆಯಾಯಿತೆಂದು ಅತ್ತೆಯ ಮಗ್ಗುಲು ಬದಲಿಸಲು ಹೋದಳು. “ಬಲಗಡೆ, ಅಜ್ಜಿ,” ಎನ್ನುವುದು ಅಡುಗೆಮನೆಗೆ ಕೇಳಿಸಿತು.

ಶುಕ್ರವಾರ ನಾನೊಬ್ಬಳೇ ಆಸ್ಪತ್ರೆಗೆ ಹೋದೆ. ಆ ಹೆಂಗಸು ಎದ್ದು ನಿಂತು ಮಾತಾಡಿಸಿದಳು, ಟೀ ಬೇಕೇ ಎಂದಳು. ಜಾಗ ಭರ್ತಿಯಾಗಿದೆ ಎಂದಳು. ನಂಬಿದೆನೋ ಇಲ್ಲವೋ, ವಾಪಸು ಬಂದೆ. ಮರುದಿನವೇ ಹುಡುಗಿಯ ಸಂಬಳವನ್ನು ಏಜೆನ್ಸಿಯವರು ಹೇಳಿದ್ದ ಮಟ್ಟಕ್ಕೆ ಏರಿಸಿದೆವು. ಗಂಡ ಕರಾರನ್ನು ಸ್ವತಃ ತಿದ್ದಿ, ನರ್ಸ್ ಎಂದು ದಪ್ಪಕ್ಷರದಲ್ಲಿ ಹಾಕಿ, ಹೊಸದಾಗಿ ಮುದ್ರಿಸಿ ಕೊಟ್ಟರು. ಅವಳು ಓದಿ, ಸಹಿ ಹಾಕಿ, “ಅಸಾಂಟೆ” ಎಂದು ಥ್ಯಾಂಕ್ಸ್ ಹೇಳಿದಳು. ಅದರ ಪ್ರಕಾರ ಅವಳ ಅನುಭವ ಆ ದಿನದಿಂದ ಶುರು. ಗುಂಪಿನಲ್ಲಿ ನಾನು ಈ ಏರಿಕೆಯ ವಿಷಯ ಹೇಳಲಿಲ್ಲ; ಅಷ್ಟು ಧೈರ್ಯ ನನಗೆ ಇಂದಿಗೂ ಬಂದಿಲ್ಲ.

ಮೂರು ತಿಂಗಳಾದ ಮೇಲೆ ಒಂದು ಭಾನುವಾರ ಮಧ್ಯಾಹ್ನ ಬಂದು ಮತ್ತೆ ಒಂದು ಲೆಟರ್ ಬೇಕೆಂದಳು. ಕೊಲ್ಲಿಯ ಒಂದು ದೇಶಕ್ಕೆ ಜನರನ್ನು ಕಳಿಸುವ ಏಜೆಂಟ್ ಸಿಕ್ಕಿದ್ದ. ನಾನು ಲ್ಯಾಪ್‌ಟಾಪ್ ತೆರೆದು ನರ್ಸ್ ಎಂದು ಶುರುಮಾಡಿದೆ. ಅವಳು ಹಿಂದೆಯೇ ನಿಂತು ನೋಡುತ್ತಿದ್ದಳು.

“ಹಾಗಲ್ಲ, ಮಮ್ಮಿ. ನರ್ಸಾಗಿ ಹೋಗೋಕೆ ಡಿಪ್ಲೊಮಾ ಬೇಕು, ಪರೀಕ್ಷೆ ಕಟ್ಟಬೇಕು. ಇದು ಮನೆಕೆಲಸದ ವೀಸಾ. ಅನುಭವ ಇದ್ರೆ ಬೇಗ ಆಗುತ್ತೆ.” ಆಮೇಲೆ, “ಮೊದಲನೇ ಕರಾರಿನಲ್ಲಿ ಇತ್ತಲ್ಲ, ಹಾಗೇ ಬರೆಯಿರಿ,” ಅಂದಳು.

“ಬೇಡ. ಇಲ್ಲೇ ಇರು, ಬೇರೆ ಆಸ್ಪತ್ರೆಗಳಿಗೆ ಹಾಕೋಣ, ಡಿಪ್ಲೊಮಾಗೆ ನಾನು ಕಟ್ತೀನಿ,” ಅಂದೆ. ಅವಳು ಬೆರಳು ಚಾಚಿ ಪರದೆಯ ಮೇಲಿನ ನರ್ಸ್ ಎಂಬ ಪದವನ್ನು ತೋರಿಸಿದಳು. ನನ್ನ ಮಾತುಗಳ ಬೆಲೆ ಆ ಮನೆಯಲ್ಲಿ ಅವಳಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಬರೆದೆ. ಎರಡು ವರ್ಷ ನಮ್ಮ ಮನೆಯಲ್ಲಿ ಮನೆಕೆಲಸ ಮಾಡಿದ್ದಾಳೆ, ಅಡುಗೆಮನೆಯ ಕೆಲಸ ಬರುತ್ತದೆ, ವಿಧೇಯಳು. ಈ ಪತ್ರದ ಬಗ್ಗೆ ಯಾರೂ ಅನುಮಾನ ಪಡಲಿಲ್ಲ, ಯಾರೂ ಫೋನ್ ಮಾಡಲಿಲ್ಲ.

ಹೋಗುವ ಹಿಂದಿನ ದಿನ ಬಂದು ಅತ್ತೆಯ ಬಿಪಿ ನೋಡಿ, ಚಾರ್ಟಿನಲ್ಲಿ ಬರೆದು, ಸಹಿ ಹಾಕಿ, ಹೊಸದಾಗಿ ಬಂದ ಏಜೆನ್ಸಿ ನರ್ಸಿಗೆ ಎಲ್ಲ ವಿವರಿಸಿದಳು. ನೀರು, ನೋವು, ಸಾಕು, ಎಡಗಡೆ, ಬಲಗಡೆ ಹೇಳಿಕೊಟ್ಟಳು. ಆ ನರ್ಸಿನ ಸಂಬಳವನ್ನು ನಾವು ಚೌಕಾಸಿ ಮಾಡಲಿಲ್ಲ. ಅತ್ತೆ ಆಮೇಲೆ ಒಂದು ವಾರ ಬಲಗೈಯಿಂದ ಮಂಚ ಬಡಿದರು.

ತಾಯಿ ಈಗಲೂ ಬರುತ್ತಾಳೆ. ಮಗಳು ವಿಮಾನ ಹತ್ತಿದ ಮರುದಿನ ಬಂದಾಗ ಅವಳ ಕಾಲಿನಲ್ಲಿ ಆ ಬಿಳಿ ಶೂ ಇತ್ತು. ಅಲ್ಲಿ ಬೇಕಾಗುವುದಿಲ್ಲವೆಂದು ಬಿಟ್ಟುಹೋಗಿದ್ದಾಳಂತೆ. ಎಂದಿನಂತೆ ಬಾಗಿಲಲ್ಲಿ ಕಳಚಿಟ್ಟು, ಒಳಗೆ ಬಂದು ಅಕ್ಕಿ ತೊಳೆಯತೊಡಗಿದಳು. ನಾನು ಒಲೆಯ ಮುಂದೆ ನಿಂತಿದ್ದೆ. ಕಪಾಟಿಗೆ ಏನನ್ನೂ ಹಾಸಿರಲಿಲ್ಲ, ಡಬ್ಬಗಳು ಬರಿ ಹಲಗೆಯ ಮೇಲಿದ್ದವು.

“ಮಮ್ಮಿ,” ಅಂದಳು, ಕೈ ನೀರಿನಲ್ಲೇ ಇತ್ತು. “ಅಲ್ಲಿ ಅವಳು ಚೆನ್ನಾಗಿರ್ತಾಳಾ?”

ಗೊತ್ತಿಲ್ಲ ಎನ್ನಬೇಕಿತ್ತು. ಅವಳು ತಿರುಗಿ ನನ್ನ ಮುಖವನ್ನೇ ನೋಡುತ್ತಿದ್ದಳು.

“ಇರ್ತಾಳೆ,” ಅಂದೆ.